ಪರದೆಯ ನಾಯಿ

ನುಸಿಗುಳಿಗೆಯ ವಾಸನೆ, ಅಂದರೆ ಅಟ್ಟದಿಂದ ದಪ್ಪ ಕಂಬಳಿ ಇಳಿಯಿತು, ಅಂದರೆ ವರ್ಷದ ಕೊನೆಯ ರಜೆ ಬಂತು, ನನ್ನ ಬಾಲ ನನ್ನನ್ನು ಕೇಳದೆಯೇ ನೆಲ ಬಡಿಯುತ್ತಿದೆ — ಸುಮ್ನಿರೋ ಪೆದ್ದು, ಅಮ್ಮನ ದನಿ, ಪೆದ್ದು ಅಂದರೆ ನಾನು, ಈ ಮನೆಯ ನಾಯಿ, ಹೆಸರಿಟ್ಟವಳು ಅಕ್ಕ, ಹೆಸರಿಗೆ ತಕ್ಕ ಹಾಗೇ ಇದ್ದೀಯಲ್ಲೋ ಅನ್ನುತ್ತಿದ್ದವಳೂ ಅವಳೇ — ಕಂಬಳಿ ಬಂದರೆ ಸೋಫಾ ಗೋಡೆ ಬಿಟ್ಟು ಟೀವಿಯ ಮುಂದಕ್ಕೆ ಬರುತ್ತದೆ, ಅಪ್ಪ ರಿಮೋಟ್ ಹಿಡಿದೇ ಗೊರಕೆ ಹೊಡೆಯುತ್ತಾರೆ, ತಮ್ಮ ಕಾಲು ಚಾಚಿ ನನ್ನ ಜಾಗ ನುಂಗುತ್ತಾನೆ, ಅಕ್ಕ ಹಳೆಯ ಸಿನಿಮಾ ಹಾಕಿ ಪ್ರಶ್ನೆ ಶುರು ಮಾಡುತ್ತಾಳೆ, ಹೇಳಿ ನೋಡೋಣ, ಈ ಹೀರೋಯಿನ್ ಹಿಡ್ಕೊಂಡಿರೋ ಕೊಡೆ ಯಾವ ಬಣ್ಣ, ತಮ್ಮ ರೇಗುತ್ತಾನೆ, ಕಪ್ಪು ಬಿಳುಪು ಸಿನಿಮಾದಲ್ಲಿ ಎಂಥ ಬಣ್ಣಾನೇ, ಅಮ್ಮ ಗೊತ್ತಿಲ್ಲಪ್ಪ ಅನ್ನುತ್ತಾಳೆ, ಆಗ ಅಕ್ಕ ಕುತ್ತಿಗೆ ಕೊಂಕಿಸಿ, ಹಸಿರು, ಅವಳೇ ರೇಡಿಯೋದಲ್ಲಿ ಹೇಳಿದ್ಳು, ನನಗಂತೂ ಹಸಿರೂ ಒಂದೇ ಒಣಗಿದ ಹುಲ್ಲಿನ ಬಣ್ಣವೂ ಒಂದೇ, ಸರಿ, ಹಾಡಿನ ಮಧ್ಯೆ ವಿಲನ್ ಮೀಸೆ ಎಡಕ್ಕೆ ವಾಲಿದ್ದು ಯಾಕೆ, ಗೊತ್ತಿಲ್ಲಪ್ಪ, ಅಂಟು ಒಣಗಿತ್ತು, ಗೆದ್ದವಳ ಕೈಯಿಂದ ಬಿಸ್ಕತ್ತು ನನ್ನ ಬಾಯಿಗೆ, ಗೆಲುವು ಅವಳದು, ಹೊಟ್ಟೆ ನನ್ನದು — ಆದರೆ ಈ ಸಲ ಸೋಫಾ ಗೋಡೆಗೇ ಅಂಟಿಕೊಂಡಿದೆ, ಮೂಲೆಯ ದಿಂಬಿನಲ್ಲಿ ಅಕ್ಕನ ವಾಸನೆ ದಿನದಿನಕ್ಕೆ ತೆಳುವಾಗುತ್ತಿದೆ, ಮೂಗು ಒತ್ತಿದಷ್ಟೂ ನನ್ನ ಜೊಲ್ಲಿನದೇ ವಾಸನೆ, ಬೇಸಿಗೆಯಲ್ಲಿ ಅವಳ ಬೆವರಿಗೆ ಮೊದಲು ಔಷಧಿ ಸೇರಿತು, ಆಮೇಲೆ ಔಷಧಿಯೊಳಗೆ ಅವಳು ಒಂಚೂರು ಉಳಿದಳು, ಒಂದು ಬೆಳಿಗ್ಗೆ ಎತ್ತಿಕೊಂಡು ಹೋದರು, ಅಕ್ಕಪಕ್ಕದವರು ಪಾಪ, ಹೋಗ್ಬಿಟ್ಳು ಅಂದರು, ಹೋಗುವುದು ನನಗೆ ಹೊಸದೇನಲ್ಲ, ಕಾಲೇಜಿಗೆ ಹೋಗುವಾಗ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತು ನನ್ನ ತಲೆ ಸವರಿ ಹೋಗ್ಬರ್ತೀನಿ ಪೆದ್ದು ಅನ್ನುತ್ತಿದ್ದಳು, ಅಂದ ಮೇಲೆ ಬರುತ್ತಿದ್ದಳು, ಆ ದಿನ ಅನ್ನಲಿಲ್ಲ, ಬಾಗಿಲಲ್ಲಿ ನಾನು ತಲೆ ಬಗ್ಗಿಸಿಕೊಂಡು ಕಾದೇ ನಿಂತಿದ್ದೆ, ಕಾಲಿಗೆ ಅಡ್ಡ ಬರ್ತಿದೆ, ನಾಯಿ ಕಟ್ಟಾಕಿ, ಅಂದರು ಯಾರೋ.

ಕಿರ್ ಅನ್ನುತ್ತಿದೆ ಸೋಫಾದ ಕಾಲು, ತಮ್ಮ ಒಬ್ಬನೇ ಎಳೆಯುತ್ತಿದ್ದಾನೆ, ಬೇಡ ಕಣೋ ಅನ್ನುತ್ತಾಳೆ ಅಮ್ಮ, ಅವಳಿಗೆ ಇಷ್ಟ ಇತ್ತಲ್ಲಮ್ಮ ಅನ್ನುತ್ತಾನೆ, ಅಪ್ಪ ರಿಮೋಟ್ ಒತ್ತುತ್ತಾರೆ, ಅದೇ ಸಿನಿಮಾ, ಕೊಡೆ ಬಂತು, ತಮ್ಮ ಗಂಟಲು ಸರಿಮಾಡಿಕೊಂಡು ಅಕ್ಕನ ಹಾಗೆಯೇ, ಹೇಳಿ ನೋಡೋಣ, ಕೊಡೆ ಯಾವ — ಮುಗಿಸಲಾರ — ಹಸಿರು, ಅಂದಳು ಅಮ್ಮ, ಮೀಸೆ ಬಂದಾಗ ಯಾರೂ ಕೇಳಲೇ ಇಲ್ಲ, ಅಂಟು ಒಣಗಿತ್ತು, ಅಂದಳು, ತಮ್ಮ ತಿರುಗಿ ನೋಡುತ್ತಾನೆ, ನಿಂಗೆ ಇದೆಲ್ಲ ಗೊತ್ತಿತ್ತಾಮ್ಮ, ಅವಳು ಹುಟ್ಟೋಕ್ ಮುಂಚಿನಿಂದ ಗೊತ್ತು ಕಣೋ, ನಾನು ಹೇಳ್ಬಿಟ್ರೆ ಅವಳ ಮುಖ ಸಪ್ಪಗಾಗೋದು, ಅಪ್ಪ ಇವತ್ತು ಗೊರಕೆ ಹೊಡೆಯುತ್ತಿಲ್ಲ, ಗೆದ್ದವರು ಕೊಡಬೇಕಲ್ಲ, ಅಮ್ಮ ಬಿಸ್ಕತ್ತು ಕೊಟ್ಟಳು, ಬಾಯಲ್ಲಿ ಹಿಡಿದು ನಿಂತಿದ್ದೇನೆ, ಜಗಿದರೆ ಸದ್ದಾಗುತ್ತದೆ — ಸಿನಿಮಾದ ಕೊನೆಗೆ ಒಂದು ನಾಯಿ ಬೀಳುತ್ತದೆ, ಯಜಮಾನನನ್ನು ಉಳಿಸಲು ಹೋಗಿ ಗುಂಡು ತಿಂದು, ವಾಸನೆಯೇ ಇಲ್ಲದ ನಾಯಿ, ಅದನ್ನು ನಾನು ಎಂದೂ ನಂಬಿದವನಲ್ಲ, ತಮ್ಮ ಮೆಲ್ಲಗೆ, ಅಮ್ಮ, ಅಕ್ಕ ಹೇಳ್ತಿದ್ಳಲ್ಲ, ಸರಿಯಾಗಿ ನೋಡಿದ್ರೆ ಸತ್ತಿರೋ ನಾಯಿ ಕಿವಿ ಅಲ್ಲಾಡುತ್ತೆ ಅಂತ, ಹೌದು, ಅಂದಳು ಅಮ್ಮ, ಅದೊಂದು ಮಾತ್ರ ನಂಗೆ ಗೊತ್ತಿರಲಿಲ್ಲ, ಅದು ಅವಳೇ ಕಂಡುಹಿಡಿದಿದ್ದು, ಸೋಫಾದಿಂದ ಇಳಿದು ಬಂದು ನನ್ನ ಪಕ್ಕ ನೆಲದ ಮೇಲೆ ಕೂತಳು, ರೀ, ನಂಗೆ ಕಾಣಿಸ್ಲಿಲ್ಲ, ಇನ್ನೊಂದ್ಸಲ ಹಾಕಿ, ಅಪ್ಪ ಹಿಂದಕ್ಕೆ ಒತ್ತಿದರು, ಬಿದ್ದ ನಾಯಿ ಎದ್ದಿತು, ಗುಂಡು ಮೈಯಿಂದ ಹೊರಟುಹೋಯಿತು, ಹಿಂದುಹಿಂದಕ್ಕೆ ಓಡಿ ಬಾಲ ಆಡಿಸುತ್ತ ನಿಂತಿತು, ಮತ್ತೆ ಮುಂದಕ್ಕೆ ಓಡಿತು, ಬಿತ್ತು, ಒಣ ಮಣ್ಣು, ಮುಚ್ಚಿದ ಕಣ್ಣು, ಕಿವಿ, ಅಲ್ಲಾಡಿತು, ಇನ್ನೊಂದ್ಸಲ ಹಾಕಿ, ಎದ್ದಿತು, ಓಡಿತು, ಬಿತ್ತು, ಮಣ್ಣು, ಕಣ್ಣು, ಕಿವಿ ಅಲ್ಲಾಡಿತು, ಸಾಕಮ್ಮ ಅನ್ನುತ್ತಾನೆ ತಮ್ಮ, ಇನ್ನೊಂದ್ಸಲ, ಅಮ್ಮ ಉಸಿರು ಬಿಗಿಹಿಡಿದಿದ್ದಾಳೆ, ನಾನೂ, ಎದ್ದಿತು, ಬಿತ್ತು, ಮಣ್ಣು, ಮುಚ್ಚಿದ ಕಣ್ಣು, ಕಿವಿ —