ಮೊದಲ ಬೆರಳು

“ಕೇರಿಗೆ ಹೋಗಿ ಬಂದಿಲ್ಲಲ್ಲ?” ಕೈ ಚಾಚುವ ಮುನ್ನ ಮೇಲಿನ ಓಣಿಯ ಚೆನ್ನಬಸಮ್ಮ ದಿನವೂ ಕೇಳುವ ಮಾತು ಇದು.

“ಇಲ್ರಿ ಅಮ್ಮಾ, ನಿಮ್ಮ ಮನಿಯಿಂದನ ಸುರು,” ಎನ್ನುತ್ತ ಆಶಾ ಕಾರ್ಯಕರ್ತೆ ಸುಕನ್ಯಾ ಆಕೆಯ ಬೆರಳಿಗೆ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಸಿಕ್ಕಿಸಿದಳು. ತೊಂಬತ್ತೇಳು.

ಕೊರೊನಾದ ಎರಡನೇ ಅಲೆ. ಕಂಪ್ಲಿ ರಸ್ತೆಯ ಆ ಹಳ್ಳಿಗೆ ಇದ್ದದ್ದು ಅದೊಂದೇ ಯಂತ್ರ. ದಲಿತ ಕೇರಿಯವರ ಬೆರಳಿಗೆ ಮೊದಲು ಹಾಕಿದರೆ ಮೇಲಿನ ಓಣಿಯವರು ಅಂದಿಗೆ ಅದನ್ನು ಮುಟ್ಟುವುದಿಲ್ಲ; ರಾತ್ರಿ ಕಳೆದರೆ ಮೈಲಿಗೆಯೂ ಕಳೆಯಿತೆಂಬ ಲೆಕ್ಕ ಅವರದು. ಅವರು ಬಾಗಿಲು ಹಾಕಿಕೊಂಡರೆ ಅರ್ಧ ಊರಿನ ಕಾಯಿಲೆ ಒಳಗೇ ಉಳಿಯುತ್ತದೆ. ಜಗಳವೇಕೆ, ಕೇರಿಗೆ ಕೊನೆಗೆ ಹೋದರಾಯಿತು, ಹೇಗೂ ಎಲ್ಲರನ್ನೂ ನೋಡಿದಂತಾಯಿತಲ್ಲ ಎಂದು ಸುಕನ್ಯಾ ತನಗೆ ತಾನೇ ಹೇಳಿಕೊಂಡಿದ್ದಳು. ಅದನ್ನು ಜಾಣತನವೆಂದೇ ನಂಬಿದ್ದಳು.

ಅಂದು ಕೇರಿ ಮುಟ್ಟುವಾಗ ಮೂರು ಗಂಟೆ. ಗೋಡೆಗೆ ಒರಗಿ ಕುಳಿತ ದುರ್ಗಕ್ಕನ ಎದೆ ತಿದಿಯಂತೆ ಏರಿಳಿಯುತ್ತಿತ್ತು. ಯಂತ್ರ ಎಂಬತ್ತೆರಡು ತೋರಿಸಿತು. ಸುಕನ್ಯಾ ಗಾಬರಿಯಿಂದ ಆಂಬುಲೆನ್ಸ್‌ಗೆ ಫೋನ್ ಹಚ್ಚಿದಳು.

“ಮುಂಜಾನಿಯಿಂದ ಹಿಂಗ ಏದುಸಿರು ಬಿಡಾಕತ್ತಾಳ,” ಎಂದ ಮಗ ಪರಶುರಾಮ್. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸದವನು. “ಕರಿಯಾಕ ಬಂದಿದ್ದೆ ಅಕ್ಕಾ. ನೀವು ಮ್ಯಾಲಿನ ಓಣ್ಯಾಗ ಇದ್ರಿ. ಆ ಮಿಷನ್ ಇಲ್ಲಿಗೆ ಬಂದ್ರ ತಿರುಗಿ ಅಲ್ಲಿಗೆ ಹೋಗಂಗಿಲ್ಲಂತ ನನಗೂ ಗೊತ್ತೈತಿ. ಅದಕ್ಕ ಸುಮ್ನ ವಾಪಸ್ ಬಂದೆ.”

ಅವನು ಬೈದಿದ್ದರೆ ವಾಸಿಯಿತ್ತು. ಸುಕನ್ಯಾಳಿಗೆ ಮುಖ ಎತ್ತಲಾಗಲಿಲ್ಲ.

ಮೂರನೇ ದಿನ ಹೊಸಪೇಟೆಯ ಆಸ್ಪತ್ರೆಯಲ್ಲಿ ದುರ್ಗಕ್ಕ ತೀರಿಕೊಂಡಳು. ಇನ್ನಷ್ಟು ಬೇಗ ತರಬೇಕಿತ್ತು ಎಂದರಂತೆ ವೈದ್ಯರು. ಆ ಮಾತು ಸುಕನ್ಯಾಳ ಎದೆಯಲ್ಲಿ ಕೂತುಬಿಟ್ಟಿತು.

ಮರುದಿನ ಆಕೆ ಕೇರಿಯಿಂದ ಶುರುಮಾಡಿದಳು. ಚೆನ್ನಬಸಮ್ಮನ ಮನೆಗೆ ಬಂದಾಗ ಹನ್ನೆರಡು ದಾಟಿತ್ತು. ಅದೇ ಪ್ರಶ್ನೆ ಬಂತು, ಈ ಸಲ ಕೆಮ್ಮಿನ ಜೊತೆಗೆ.

“ಹೋಗೇ ಬಂದೀನ್ರಿ. ಮೊದಲು ಹಾಕಿದ್ದು ಪರಶುರಾಮನ ಬೆರಳಿಗೆ.”

“ಎಷ್ಟು ಸೊಕ್ಕು ನಿನಗ! ಹಂಗಾದ್ರ ನನಗ ಬ್ಯಾಡ, ನಡಿ.” ಬಾಗಿಲು ಮುಚ್ಚಿತು.

ಸುಕನ್ಯಾ ಹೊರಗಿನ ಕಟ್ಟೆಯ ಮೇಲೆ ಕುಳಿತಳು. ಭಯವಾಗುತ್ತಿತ್ತು, ಈಕೆಗೂ ಏನಾದರೂ ಆದರೆ ಅದೂ ತನ್ನ ತಲೆಗೇ. ಒಳಗೆ ಕೆಮ್ಮು ನಿಲ್ಲಲೇ ಇಲ್ಲ. ಬಹಳ ಹೊತ್ತಿನ ಮೇಲೆ ಬಾಗಿಲು ಅರ್ಧ ತೆರೆಯಿತು.

“ಒರಸೀಯೇನು?”

“ಒರಸೀನ್ರಿ. ಅವರಿಗೆ ಹಾಕೂಕಿಂತ ಮೊದಲೂ ಒರಸಿದ್ದೆ.”

ಚೆನ್ನಬಸಮ್ಮ ಬೆರಳು ಚಾಚಿದಳು. ತೊಂಬತ್ತೊಂದು. ಸುಕನ್ಯಾ ಫೋನ್ ತೆಗೆದಳು. “ಗಾಡಿ ಹೇಳ್ತೀನಿ. ಜಲ್ದಿ ಹೊಂಡ್ರಿ, ಇನ್ನೂ ಹೊತ್ತು ಮೀರಿಲ್ಲ.”

ಚೆನ್ನಬಸಮ್ಮ ಆ ಅಂಕಿಯನ್ನೇ ನೋಡುತ್ತಿದ್ದಳು. “ದುರ್ಗಕ್ಕಗ ಎಷ್ಟಿತ್ತು?”

“ನಿಮ್ಮ ಓಣಿ ಮುಗಿಸಿ ನಾ ಹೋಗೂವಷ್ಟರಾಗ ಎಂಬತ್ತೆರಡಾಗಿತ್ರಿ.”

ಚೆನ್ನಬಸಮ್ಮ ಬೆರಳನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.