ಹೊಸ ಮೂರನೇ ಹೆಜ್ಜೆ

"ಎಂಟನೇ ಹೆಜ್ಜೆ," ಮೇಷ್ಟ್ರ ಹೆಂಡತಿ ಹಾಳೆಯ ಮೇಲೆ ಬೆರಳಿಟ್ಟು ಓದಿದರು. "ಸ್ವಿಚ್ ಒತ್ತಿ. ಖಾಲಿ ಡ್ರಮ್ಮು ತಿರುಗುವುದನ್ನು ನೋಡಿ."

ಗೋಡೆ ಪಕ್ಕದ ಸ್ಟೂಲಿನಲ್ಲಿ ಮೇಷ್ಟ್ರು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತಿದ್ದರು. ಅವರೇನೂ ಪಾಠ ಹೇಳುವ ಮೇಷ್ಟ್ರಲ್ಲ. ಬಟ್ಟೆ ಒಗೆಯುವ ಮಶೀನು ತಯಾರಿಸುವ ಈ ಕಂಪನಿಯಲ್ಲಿ, ಮಶೀನಿನ ಜೊತೆ ಕೊಡುವ ಕೈಪಿಡಿಯನ್ನು ಇಪ್ಪತ್ತಾರು ವರ್ಷಗಳಿಂದ ಬರೆಯುತ್ತಿರುವವರು. ಕ್ಯಾಂಟೀನಿನ ಬೋರ್ಡನ್ನೂ ತಿದ್ದದೆ ಮುಂದೆ ಹೋಗದವರಾದ್ದರಿಂದ ಆ ಹೆಸರು ಅಂಟಿಕೊಂಡಿತ್ತು. ಪಕ್ಕದಲ್ಲಿ ನಿಂತಿದ್ದವಳು ಅವರ ಕೈಕೆಳಗೆ ಬಂದು ಎರಡೇ ತಿಂಗಳಾಗಿದ್ದ ಹೊಸ ಬರಹಗಾರ್ತಿ. ಇವತ್ತಿನ ಪರೀಕ್ಷೆ ಅವಳದೇ ಉಪದ್ವ್ಯಾಪ.

ಮಶೀನನ್ನು ಕಂಡೇ ಇರದವರ ಕೈಗೆ ಕೈಪಿಡಿ ಕೊಡಬೇಕು, ಅವರು ಓದಿಕೊಂಡು ತಾವೇ ಮಾಡಬೇಕು, ಬರೆದವರು ಬಾಯಿಗೆ ಬೀಗ ಹಾಕಿಕೊಂಡು ನೋಡಬೇಕು ಎಂಬುದು ಅವಳ ನಿಯಮ. ಬೆರಳು ತೋರಿಸುವಂತೆಯೂ ಇಲ್ಲ. ಒಂದು ಗಂಟೆಗೆ ಫೈಲು ಅಚ್ಚಿಗೆ ಹೋಗಬೇಕಾದ ದಿನ ಇದೆಲ್ಲ ಯಾಕೆ ಎಂದು ಮೇಷ್ಟ್ರು ಗೊಣಗಿದ್ದರು. ಓದಲು ಒಪ್ಪಿದ್ದ ಉಗ್ರಾಣದವನು ರಜೆ ಹಾಕಿದಾಗ ಪೀಡೆ ಕಳೆಯಿತು ಎಂದೂ ಅಂದುಕೊಂಡಿದ್ದರು. ಆದರೆ ಅದೇ ಹೊತ್ತಿಗೆ, ಮನೆಯಲ್ಲಿ ಮರೆತುಬಂದಿದ್ದ ಕನ್ನಡಕ ಕೊಡಲು ಅವರ ಹೆಂಡತಿ ಬಂದರು. ಹುಡುಗಿ ಬಿಡುತ್ತಾಳೆಯೆ.

ಮದುವೆಯಾದ ಮೂವತ್ತು ವರ್ಷಗಳಲ್ಲಿ ಹೆಂಡತಿ ಒಂದು ಡಬ್ಬಿಯ ಮುಚ್ಚಳ ತೆಗೆದರೂ ಹಾಗಲ್ಲ ಹೀಗೆ ಎನ್ನುತ್ತಿದ್ದ ಮನುಷ್ಯ ಅರ್ಧ ಗಂಟೆಯಿಂದ ತುಟಿ ಬಿಗಿದು ಕೂತಿದ್ದ. ಆಕೆಗೆ ಅದು ಬಲು ಖುಷಿ ಕೊಡುತ್ತಿತ್ತು. ಪ್ರತಿ ಹೆಜ್ಜೆಯನ್ನೂ ಬೇಕೆಂದೇ ನಿಧಾನವಾಗಿ ಓದುತ್ತಿದ್ದರು.

ಸ್ವಿಚ್ ಒತ್ತಿದರು. ಡ್ರಮ್ಮು ಗುಂಯ್ ಎಂದು ತಿರುಗಿತು. ಆಮೇಲೆ ಮಶೀನು ಗಡಗಡ ನಡುಗಿ, ಜಿಗಿದು, ಆಕೆಯ ಕಡೆಗೆ ನಡೆದುಕೊಂಡು ಬರತೊಡಗಿತು. ಮೇಷ್ಟ್ರು ಎದ್ದು ನಿಂತರು. ಆಕೆ ಮಾತ್ರ ಎರಡು ಹೆಜ್ಜೆ ಹಿಂದೆ ಸರಿದು ಹಾಳೆ ನೋಡಿದರು. "ಒಂಬತ್ತನೇ ಹೆಜ್ಜೆ, ಪ್ಲಗ್ ಕೀಳಿ," ಎಂದು ಓದಿ, ಕಿತ್ತರು.

"ರೀ, ಇದು ನಡೆಯುತ್ತೆ ಅಂತ ನೀವೆಲ್ಲೂ ಬರೆದೇ ಇಲ್ಲವಲ್ಲ."

ಆಕೆ ಮಶೀನಿನ ಬೆನ್ನ ಹಿಂದೆ ಬಗ್ಗಿ ನೋಡಿ, ನಾಲ್ಕು ಕೆಂಪು ಬೋಲ್ಟುಗಳನ್ನು ತೋರಿಸಿ ಇವೇನು ಎಂದು ಕೇಳಿದರು. ಹುಡುಗಿ ಎಂಜಿನಿಯರಿಗೆ ಫೋನು ಮಾಡಿದಳು. ಲಾರಿಯಲ್ಲಿ ಡ್ರಮ್ಮು ಅಲುಗದಿರಲೆಂದು ಈ ಹೊಸ ಮಾದರಿಗೆ ಹಾಕಿದ ಬೋಲ್ಟುಗಳಂತೆ, ಮನೆಯಲ್ಲಿ ಬಿಚ್ಚಲೇಬೇಕಂತೆ. ಕೈಪಿಡಿ ಬರೆಯಲೆಂದು ಮೇಷ್ಟ್ರ ಕೋಣೆಗೆ ಬಂದಿದ್ದ ಮಶೀನಿನಿಂದ ಎಂಜಿನಿಯರುಗಳೇ ಅವನ್ನು ಬಿಚ್ಚಿದ್ದರು. ಇವತ್ತಿನದು ಪೆಟ್ಟಿಗೆಯಿಂದ ಆಗಷ್ಟೇ ಇಳಿಸಿದ್ದು.

ಮೇಷ್ಟ್ರ ಮುಖ ಸಣ್ಣದಾಯಿತು. ಬೋಲ್ಟು ಬಿಚ್ಚುವುದು ಮೂರನೇ ಹೆಜ್ಜೆಯಾಗಬೇಕು. ಹಾಗಾದರೆ ಮುಂದಿನ ಹೆಜ್ಜೆಗಳ ಸಂಖ್ಯೆಗಳೆಲ್ಲ ಒಂದೊಂದು ಮೇಲೇರುತ್ತವೆ. ಪುಸ್ತಕದ ತುಂಬ 'ಐದನ್ನು ನೋಡಿ', 'ಏಳನ್ನು ಮತ್ತೆ ಮಾಡಿ' ಎಂಬಂಥ ತೊಂಬತ್ನಾಲ್ಕು ಕಡೆ ಸಂಖ್ಯೆ ತಿದ್ದಬೇಕು. ಯಾವ ಪುಟದಲ್ಲಿ ಯಾವ ಸಂಖ್ಯೆ ಎಂದು ಅವರು ಒಂದು ನೋಟುಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿದ್ದರು. ಹಿಂದೊಮ್ಮೆ ಹೀಗಾದಾಗ ತಿದ್ದಲು ಎರಡು ದಿನ ಹಿಡಿದಿತ್ತು. ಈಗ ಗಂಟೆ ಹನ್ನೆರಡು. ಹೀಗೇ ಅಚ್ಚಾದರೆ ಮನೆಮನೆಯಲ್ಲೂ ಮಶೀನು ಕುಣಿಯುತ್ತದೆ. ಅವಸರದಲ್ಲಿ ತಿದ್ದಿದರೆ ಇನ್ನೇನು ಅನಾಹುತವೋ.

"ಸರ್, ಬೈಬೇಡಿ," ಎಂದಳು ಹುಡುಗಿ. "ಬರೀ ಕಾಗುಣಿತ ನೋಡು ಅಂದಿದ್ರಿ. ನಾನು ಒಂದು ವಾರ ಕೂತು, ನೀವು ಟೈಪ್ ಮಾಡಿದ್ದ ಸಂಖ್ಯೆ ಎಲ್ಲಾ ತೆಗೆದು, ಅದದರ ಹೆಜ್ಜೆಗೆ ಕೊಂಡಿ ಹಾಕಿದೀನಿ. ಹೆಜ್ಜೆ ಜರುಗಿದ್ರೆ ಸಂಖ್ಯೆನೂ ಜರುಗುತ್ತೆ."

ಬೇರೆ ದಿನವಾಗಿದ್ದರೆ ಮೇಷ್ಟ್ರು ಬೈಯುತ್ತಿದ್ದರು. ಇವತ್ತು ಕುರ್ಚಿ ಎಳೆದುಕೊಂಡು ಕಂಪ್ಯೂಟರಿನ ಮುಂದೆ ಅವಳ ಪಕ್ಕದಲ್ಲಿ ಕೂತರು. ಬೋಲ್ಟಿನ ವಾಕ್ಯವನ್ನು ಇಬ್ಬರೂ ಸೇರಿ ಬರೆದರು. ಅವಳು ಇಡೀ ಪುಸ್ತಕವನ್ನು ಆಯ್ಕೆ ಮಾಡಿ ಕೀಲಿಮಣೆಯ ಎಫ್-ಒಂಬತ್ತು ಗುಂಡಿ ಒತ್ತಿದಳು. ತೆರೆ ಒಂದು ಕ್ಷಣ ಮಿನುಗಿತು. ಐದಿದ್ದದ್ದು ಆರಾಗಿತ್ತು, ಏಳಿದ್ದದ್ದು ಎಂಟಾಗಿತ್ತು. ಪುಟದ ಮೇಲೆ ಪುಟ, ಎಲ್ಲವೂ.

"ಒತ್ತಿದ್ದು ಅಷ್ಟೇನಾ?" ಎಂದರು ಮೇಷ್ಟ್ರು. ಅದನ್ನು ರದ್ದು ಮಾಡಿಸಿ, ಇನ್ನೊಮ್ಮೆ ಒತ್ತಿಸಿ, ಸಂಖ್ಯೆಗಳು ಬದಲಾಗುವುದನ್ನು ಮತ್ತೆ ನೋಡಿದರು. ಇಪ್ಪತ್ತಾರು ವರ್ಷಗಳ ಪೆನ್ಸಿಲುಗಳೆಲ್ಲ ಅವರಿಗೆ ನೆನಪಾದವು. ಹೊಟ್ಟೆ ಉರಿಯಿತು, ನಗುವೂ ಬಂತು.

ಫೈಲು ಕಳಿಸೋಣ ಎಂದು ಹುಡುಗಿ ಅವಸರಪಟ್ಟಳು. ಮೇಷ್ಟ್ರು ಒಪ್ಪಲಿಲ್ಲ. ನೋಟುಪುಸ್ತಕ ತೆರೆದು, ಕನ್ನಡಕ ಏರಿಸಿ, ಒಂದೊಂದೇ ಸಂಖ್ಯೆ ಓದಿಸಿ ಗುರುತು ಹಾಕತೊಡಗಿದರು. ಹನ್ನೆರಡೂವರೆಯಾಯಿತು. ಹುಡುಗಿಯ ಕಾಲು ಮೇಜಿನಡಿ ಕುಣಿಯುತ್ತಿತ್ತು. ಹನ್ನೆರಡು ನಲವತ್ತಕ್ಕೆ ಮೂವತ್ತೊಂದನೇ ಪುಟದ ಎಚ್ಚರಿಕೆಯ ಚೌಕಕ್ಕೆ ಬಂದರು.

"ಒಳಗೆ ಕೈ ಹಾಕುವ ಮೊದಲು ಒಂಬತ್ತನೇ ಹೆಜ್ಜೆ ಮಾಡಿ," ಎಂದು ಓದಿದ ಹುಡುಗಿ ಮುಂದೆ ಹೋಗಲಿದ್ದಳು.

"ನಿಲ್ಲು. ಈಗ ಒಂಬತ್ತು ಏನು?"

ಅವಳು ಹಿಂದಿನ ಪುಟ ತೆಗೆದಳು. ಪ್ಲಗ್ ಕೀಳುವುದು ಹತ್ತಕ್ಕೆ ಹೋಗಿತ್ತು. ಒಂಬತ್ತು ಎಂದರೆ ಈಗ ಸ್ವಿಚ್ ಒತ್ತುವುದು.

ಚೌಕದೊಳಗಿನ ಬರಹ ಬೇರೆಯದೇ. ಇಡೀ ಪುಸ್ತಕ ಆಯ್ಕೆ ಮಾಡಿದರೂ ಅದು ಆಯ್ಕೆಗೆ ಸಿಕ್ಕುವುದಿಲ್ಲ, ಒಳಗೆ ಹೋಗಿಯೇ ಒತ್ತಬೇಕು. ಅದು ಗೊತ್ತಿದ್ದೂ ಮರೆತಿದ್ದಳು. ಕಣ್ಣಲ್ಲಿ ನೀರಾಡಿತು. ಮೇಷ್ಟ್ರು ಬೈಯಲಿಲ್ಲ. ಯಾವ ಗುಂಡಿ ಎಂದು ಮೆಲ್ಲಗೆ ಕೇಳಿದರು. ಅವಳು ಚೌಕದೊಳಗೆ ಕ್ಲಿಕ್ ಮಾಡಿ, ಗುಂಡಿ ತೋರಿಸಿದಳು. ಮೇಷ್ಟ್ರು ತೋರುಬೆರಳಿನಿಂದ ಒಂದೇ ಸಲ ಒತ್ತಿದರು. ಒಂಬತ್ತು ಹತ್ತಾಯಿತು.

ಉಳಿದ ಚೌಕಗಳನ್ನೂ, ಉಳಿದ ಪುಟಗಳನ್ನೂ ನೋಡಿ ಮುಗಿಸಿ, ಒಂದು ಗಂಟೆಗೆ ಮೂರು ನಿಮಿಷವಿರುವಾಗ ಫೈಲು ಕಳಿಸಿದರು. ಹುಡುಗಿ ಕುರ್ಚಿಯಲ್ಲಿ ಒಂದು ಸುತ್ತು ತಿರುಗಿದಳು. ಮೇಷ್ಟ್ರು ನೋಟುಪುಸ್ತಕವನ್ನು ಅವಳ ಮೇಜಿನ ಮೇಲಿಟ್ಟು, ಮುಂದಿನ ಪುಸ್ತಕಕ್ಕೆ ಇದನ್ನು ನೀನೇ ಬರೆದುಕೊಂಡು ಹೋಗಬೇಕು, ಆ ಗುಂಡಿ ನಾನು ಒತ್ತುತ್ತೇನೆ ಎಂದರು.

ಅಷ್ಟರಲ್ಲಿ ಅವರ ಹೆಂಡತಿ ಹೊಸ ಹಾಳೆ ಹಿಡಿದು ಮಶೀನಿನ ಹಿಂದೆ ಕೂತಿದ್ದರು. ನಾಲ್ಕನೆಯ ಬೋಲ್ಟು ಸಡಿಲವಾಗಲು ಸತಾಯಿಸಿತು. ಮೇಷ್ಟ್ರ ಕೈ ತಾನಾಗಿ ಮುಂದೆ ಹೋಯಿತು, ಮತ್ತೆ ಜೇಬಿಗೆ ಹೋಯಿತು.

"ಪರೀಕ್ಷೆ ಮುಗೀತಲ್ಲ ಸರ್, ಇನ್ನು ಮಾತಾಡಬಹುದು," ಎಂದಳು ಹುಡುಗಿ.

ಅವರು ತಲೆಯಾಡಿಸಿದರು, ಮಾತಾಡಲಿಲ್ಲ. ಬೋಲ್ಟು ಬಂತು. ಆಕೆ ಎದ್ದು, ಬೆರಳಿಟ್ಟು ಓದುತ್ತ ಒಂದೊಂದೇ ಹೆಜ್ಜೆ ಮುಗಿಸಿ, ಸ್ವಿಚ್ ಒತ್ತಿದರು. ಡ್ರಮ್ಮು ಗಿರಗಿರನೆ ತಿರುಗಿತು. ಆಕೆ ಚೀಲದಿಂದ ಗಂಡನ ಕನ್ನಡಕದ ಡಬ್ಬಿ ತೆಗೆದು ಮಶೀನಿನ ಮೇಲೆ ನೆಟ್ಟಗೆ ನಿಲ್ಲಿಸಿದರು. ಮೂವರೂ ನೋಡುತ್ತ ನಿಂತರು. ಡಬ್ಬಿ ನಿಂತೇ ಇತ್ತು.