ನಾಲ್ಕು ಪಿನ್ನು, ಒಂದು ಕೂಗುಮಾರಿ

ನಾನು ಒಂದು ಮೆಟಲ್ ಡಿಟೆಕ್ಟರ್. ನೆಲದೊಳಗೆ ಲೋಹ ಇದ್ದರೆ ಕೂಗಿ ಹೇಳುವುದು ನನ್ನ ಕೆಲಸ. ಆದರೆ ನಿಜ ಹೇಳಿಬಿಡುತ್ತೇನೆ, ನಾನು ಹುಟ್ಟಿನಿಂದಲೇ ಪುಕ್ಕಲು. ಧೈರ್ಯವಾಗಿ ಕೂಗಿದ್ದು ಕಡಿಮೆ, ಹೆದರಿ ಕಿರುಚಿದ್ದೇ ಹೆಚ್ಚು.

ಎಲ್ಲೋ ದೂರದ ಒಂದು ಕಾರ್ಖಾನೆಯಲ್ಲಿ ಹುಟ್ಟಿದೆ. ಒಂದು ಟೊಳ್ಳು ಕೋಲು, ಅದರ ತುದಿಗೆ ಅಗಲವಾದ ಪ್ಲಾಸ್ಟಿಕ್ ತಟ್ಟೆ, ತಟ್ಟೆಯೊಳಗೆ ತಾಮ್ರದ ತಂತಿಯ ಸುರುಳಿ, ಮೇಲುಗಡೆ ಒಂದು ಡಬ್ಬಿ, ಡಬ್ಬಿಗೆ ಎರಡು ಗುಂಡಿ. ಪಕ್ಕದ ಮೇಜಿನ ಮೇಲೆ ನನ್ನ ದುಬಾರಿ ಅಣ್ಣಂದಿರು ತಯಾರಾಗುತ್ತಿದ್ದರು. ಅವರಿಗೆ ಪರದೆ ಇತ್ತು, ಬೆಳ್ಳಿಗೆ ಒಂದು ದನಿ, ತಗಡಿಗೆ ಒಂದು ದನಿ ಇತ್ತು. ನನಗಿದ್ದದ್ದು ಒಂದೇ ಒಂದು 'ಕುಂಯ್'. ಆದರೂ ನನ್ನ ಪೆಟ್ಟಿಗೆಯ ಮೇಲೆ 'ಹೊಸಬರಿಗೆ ಹೇಳಿ ಮಾಡಿಸಿದ್ದು' ಎಂದು ದೊಡ್ಡದಾಗಿ ಅಚ್ಚು ಹಾಕಿದರು. ನನ್ನಿಂದ ಆಗದ ಕೆಲಸವನ್ನು ನನ್ನ ಮೈಮೇಲೇ ಬರೆದು ಕಳಿಸುತ್ತಿದ್ದಾರಲ್ಲ ಎಂದು ದಾರಿಯುದ್ದಕ್ಕೂ ನಡುಗಿಕೊಂಡು ಬಂದೆ.

ಪೆಟ್ಟಿಗೆ ಬಿಚ್ಚಿದವರು ಪಿಳ್ಳಪ್ಪನವರು. ಮಾಲೂರಿನ ಕಡೆಯ ಒಂದು ಸೇವಂತಿಗೆ ಬೆಳೆಯುವ ಹಳ್ಳಿ. ಅವರು ಅಲ್ಲೇ ಲೈನ್‌ಮನ್ ಆಗಿದ್ದು ನಿವೃತ್ತರಾಗಿದ್ದರು. ಮೂವತ್ತು ವರ್ಷ ಆಕಾಶ ನೋಡಿಕೊಂಡು ಕಂಬ ಹತ್ತಿದವರಿಗೆ ಈಗ ನೆಲ ನೋಡುವ ಆಸೆ ಬಂದಿತ್ತು. ಯಾರೋ ಹೊಲದಲ್ಲಿ ಹಳೇ ನಾಣ್ಯ ಎತ್ತುವುದನ್ನು ಮೊಬೈಲಿನಲ್ಲಿ ನೋಡಿ, ಕಲಿಯುವವನಿಗೆ ಇಷ್ಟು ಸಾಕು ಎಂದು ಎಲ್ಲಕ್ಕಿಂತ ಅಗ್ಗದ ನನ್ನನ್ನು ತರಿಸಿದ್ದರು. ಅವರು ಗುಂಡಿ ತಿರುಗಿಸಿದ ಕೂಡಲೇ ನಾನು ಗಾಬರಿಯಿಂದ ಕಿರುಚಿದೆ. ಅವರ ಹೆಂಡತಿ ಪಾಪಮ್ಮ ಒಳಗಿನಿಂದ ಓಡಿ ಬಂದರು.

"ಏನ್ರೀ ಇದು, ಕೂಗುಮಾರಿ ತಂದಿದ್ದೀರಾ ಮನೇಗೆ?"

ಅಂದಿನಿಂದ ಅದೇ ನನ್ನ ಹೆಸರು. ಕೂಗುಮಾರಿ ಎಂದರೆ ಹೆಸರು ಹಿಡಿದು ಕೂಗಿ ಜೀವ ಒಯ್ಯುವ ಮಾರಿಯಂತೆ. ಕೇಳಿದಾಗ ನನಗೆ ನನ್ನ ಮೇಲೇ ಭಯವಾಯಿತು.

ಮೊದಲ ವಾರ ಹಿತ್ತಿಲೆಲ್ಲ ಅಗೆದೆವು. ಸಿಕ್ಕಿದ್ದು ಮೊಳೆ, ಸೋಡಾ ಬಾಟಲಿನ ಮುಚ್ಚಳ, ಎತ್ತಿನ ಲಾಳ, ಯಾವ ಕಾಲದ್ದೋ ಬಾಗಿಲ ತಿರುಗಣೆ. ಒಂದೊಂದು ಮೊಳೆಗೂ ನಾನು ಕೊಪ್ಪರಿಗೆ ಹೊನ್ನು ಸಿಕ್ಕಿದ ಹಾಗೆ ಕೂಗಿದೆ. ಪಿಳ್ಳಪ್ಪನವರ ಸೊಂಟ ಹಿಡಿದುಕೊಂಡಿತು. ಆಮೇಲೆ ಅವರಿಗೆ ಎರಡನೇ ಗುಂಡಿಯ ಮರ್ಮ ತಿಳಿಯಿತು. ಅದನ್ನು ಬಲಕ್ಕೆ ತಿರುಗಿಸಿದರೆ ನಾನು ಕಬ್ಬಿಣಕ್ಕೆ ಬಾಯಿ ಬಿಡುವುದಿಲ್ಲ. ಅವರು ಒಂದೇ ಸಲ ಕೊನೇವರೆಗೂ ತಿರುಗಿಸಿ, ಅಲುಗಾಡದಿರಲಿ ಎಂದು ಗಾಯಕ್ಕೆ ಹಾಕುವ ಬಿಳಿ ಪಟ್ಟಿ ಅಂಟಿಸಿಬಿಟ್ಟರು. ಹೊಸಬರು ಮಾಡುವ ತಪ್ಪೇ ಇದು. ನನ್ನಂಥ ಅಗ್ಗದ ಯಂತ್ರದ ಆ ಗುಂಡಿಯನ್ನು ಅಷ್ಟು ತಿರುಗಿಸಿದರೆ ಕಬ್ಬಿಣದ ಜೊತೆಗೆ ತೆಳ್ಳಗಿನ ಚಿನ್ನವೂ ಲೆಕ್ಕಕ್ಕೆ ಬರುವುದಿಲ್ಲ. ಇದನ್ನು ಅವರಿಗೆ ಹೇಗೆ ಹೇಳಲಿ? ನನ್ನ ಬಾಯಿಗೇ ಪಟ್ಟಿ ಬಿದ್ದಿತ್ತು.

ಒಂದು ದಿನ ಕೆರೆಯ ಪಕ್ಕದ ಪಾಳುಮಂಟಪದ ಹತ್ತಿರ ನನ್ನನ್ನು ಹಿಡಿದು ನಡೆಯುತ್ತಿದ್ದರು. ಕುರಿ ಮೇಯಿಸುವವರೊಬ್ಬರು ನೋಡಿ ಕೂಗು ಹಾಕಿದರು. ಹತ್ತು ನಿಮಿಷದಲ್ಲಿ ಪಕ್ಕದೂರಿನವರೆಲ್ಲ ಕೋಲು ಹಿಡಿದು ಸುತ್ತ ನಿಂತರು.

"ನಿಧಿ ಕಳ್ಳ ಇವ್ನು. ಅಮಾವಾಸ್ಯೆ ಹತ್ರ ಬಂತಲ್ಲ, ಅದ್ಕೇ ಬಂದವ್ನೆ."

ಒಬ್ಬ ನನ್ನ ಕತ್ತು ಹಿಡಿದು ಎಳೆದ. ಪಿಳ್ಳಪ್ಪನವರ ಕೈ ಬೆವೆತು ಜಾರುತ್ತಿತ್ತು. ಅಷ್ಟರಲ್ಲಿ ಬಂದ ಪೊಲೀಸಿನವರು ಹೆಸರು ಬರೆದುಕೊಂಡು, "ಹಳೇ ಕಲ್ಲು ಇರೋ ಕಡೆ ಇದನ್ನ ತರೋ ಹಾಗಿಲ್ಲ, ಗೊತ್ತಿಲ್ವಾ?" ಎಂದು ಗದರಿಸಿದರು. ಗುಂಪಿನಲ್ಲಿದ್ದ ಮುದುಕರೊಬ್ಬರು "ನಮ್ಮೂರಿಗೆ ಲೈಟ್ ಹಾಕಿಕೊಟ್ಟೋರು ಸ್ವಾಮಿ ಇವ್ರು, ಬಿಟ್ಬಿಡಿ" ಎಂದದ್ದಕ್ಕೆ ಇಬ್ಬರೂ ಬದುಕಿಕೊಂಡೆವು. ಪಿಳ್ಳಪ್ಪನವರು ಮನೆಗೆ ಬಂದವರೇ ನನ್ನನ್ನು ಅಟ್ಟಕ್ಕೆ ಹಾಕಿದರು. ಇದನ್ನು ಯಾರೂ ಹೊರಗೆ ತೆಗೆಯಕೂಡದು ಎಂದು ಹೆಂಡತಿಯಿಂದ ಮಾತು ತೆಗೆದುಕೊಂಡರು. ಅಟ್ಟದ ಮೇಲೆ ಇಲಿಗಳಿದ್ದವು. ಅವು ನನ್ನ ತಂತಿ ಮೂಸಿದಾಗಲೆಲ್ಲ ಜೀವ ಹೋಗಿ ಬರುತ್ತಿತ್ತು.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಪಿಳ್ಳಪ್ಪನವರು ನೆಂಟರ ಮನೆಯ ನಾಮಕರಣಕ್ಕೆ ಹೋಗಿದ್ದಾಗ, ಪಕ್ಕದ ತೋಟದ ಮುನಿಲಕ್ಷ್ಮಿ ಬಂದಳು. ಕುತ್ತಿಗೆಗೆ ಸೆರಗು ಬಿಗಿಯಾಗಿ ಸುತ್ತಿಕೊಂಡಿದ್ದಳು. ಬಾಗಿಲು ಹಾಕಿಕೊಂಡು ಸೆರಗು ಸರಿಸಿದಳು. ತಾಳಿ ಇರಬೇಕಾದ ಕಡೆ ದಾರಕ್ಕೆ ಕಟ್ಟಿದ ಅರಿಶಿನದ ಕೊಂಬು ಇತ್ತು.

"ಬೆಳಿಗ್ಗೆ ಹೂವ ಬಿಡಿಸ್ತಿದ್ದೆ ಅಕ್ಕ. ಮುಖ ತೊಳೆಯೋವಾಗ ನೋಡ್ಕೊಂಡ್ರೆ ಇಲ್ಲ. ದಾರ ಸವೆದಿತ್ತು, ಕಿತ್ತೋಗೈತೆ. ಅತ್ತೆಗೆ ಇನ್ನೂ ಗೊತ್ತಿಲ್ಲ."

ಅವಳ ಗಂಡ ಸೊಣ್ಣಪ್ಪ ಬೆಂಗಳೂರಿನ ಆಸ್ಪತ್ರೆಯಲ್ಲಿದ್ದ. ಮರುದಿನ ಬೆಳಿಗ್ಗೆ ಎಂಟಕ್ಕೆ ಹೃದಯದ ಆಪರೇಷನ್ನು. ಬಟ್ಟೆಬರೆ ತೆಗೆದುಕೊಂಡು ಹೋಗಲು ಅವಳು ಒಂದು ರಾತ್ರಿಯ ಮಟ್ಟಿಗೆ ಊರಿಗೆ ಬಂದಿದ್ದಳು. ಮಧ್ಯಾಹ್ನ ಎರಡಕ್ಕೆ ಅವಳ ಬಸ್ಸು.

"ಒಳಗೆ ಕರ್ಕೊಂಡು ಹೋಗೋ ಮುಂಚೆ ಅವ್ರು ನನ್ನ ಕುತ್ತಿಗೆ ನೋಡ್ತಾರೆ ಅಕ್ಕ. ಈ ಕೊಂಬು ನೋಡಿದ್ರೆ ಅವ್ರ ಎದೆ ಅಲ್ಲೇ ನಿಂತೋಗ್ತದೆ. ನಿಮ್ಮನೇಲಿ ಆ ಮಿಷನ್ ಐತಲ್ಲ."

ಪಾಪಮ್ಮ ಫೋನ್ ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟರು. ಫೋನ್ ಮಾಡಿ ಕೇಳಿದರೆ ಗಂಡ ಬೇಡ ಎನ್ನುತ್ತಾರೆಂದು ಅವರಿಗೆ ಗೊತ್ತಿತ್ತು. ಆಮೇಲೆ ಸ್ಟೂಲು ಹಾಕಿಕೊಂಡು ಅಟ್ಟಕ್ಕೆ ಕೈ ಹಾಕಿದರು. ನನಗೆ ಕೈಕಾಲು ಇದ್ದಿದ್ದರೆ ಇನ್ನಷ್ಟು ಒಳಗೆ ಸರಿದುಕೊಳ್ಳುತ್ತಿದ್ದೆ. ಮೊಳೆಗೂ ನಾಣ್ಯಕ್ಕೂ ವ್ಯತ್ಯಾಸ ತಿಳಿಯದ ನನ್ನ ಮೇಲೆ ಒಬ್ಬಳ ತಾಳಿಯ ಭಾರ ಬಂದಿತ್ತು.

ಅದು ಅರ್ಧ ಎಕರೆ ಸೇವಂತಿಗೆ ತೋಟ. ಇಬ್ಬರೂ ಬದುವಿನ ಮೇಲೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಇಳಿದರು. ಪಾಪಮ್ಮ ಮೊದಲ ಗುಂಡಿ ತಿರುಗಿಸಿ ನನ್ನನ್ನು ಪೊರಕೆಯ ಹಾಗೆ ಆಡಿಸಿದರು. ಎರಡನೇ ಹೆಜ್ಜೆಗೇ ನಾನು ಕೂಗಿದೆ. ಮುನಿಲಕ್ಷ್ಮಿ ಬಿದ್ದಂಬೀಳ ಕೂತು ಮಣ್ಣು ಕೆದಕಿದಳು. ಏನೂ ಇಲ್ಲ. ಮುಂದಿನ ಹೆಜ್ಜೆಗೆ ಮತ್ತೆ ಕೂಗಿದೆ. ಮತ್ತೆ ಕೆದಕಿದಳು. ಹೆಜ್ಜೆ ಹೆಜ್ಜೆಗೂ ಕೂಗು, ಹೆಜ್ಜೆ ಹೆಜ್ಜೆಗೂ ಬರೀ ಮಣ್ಣು. ಅವಳ ಉಗುರಿನ ಸಂದಿಯಲ್ಲಿ ರಕ್ತ ಬಂತು.

"ಏನೋ ಅಪಶಕುನ ಅಕ್ಕ ಇದು. ನೆಲಾನೇ ಕೂಗ್ತೈತೆ," ಎಂದು ಅವಳು ಅಳಲು ಶುರುಮಾಡಿದಳು.

ನಾನು ಕೂಗುತ್ತಿದ್ದುದು ಪಾಪಮ್ಮನವರ ಕಾಲುಂಗುರಕ್ಕೆ. ಬೆಳ್ಳಿ ಹತ್ತಿರ ಬಂದರೆ ಪಟ್ಟಿ ಅಂಟಿಸಿದ್ದರೂ ನನ್ನಿಂದ ತಡೆಯಲಾಗುವುದಿಲ್ಲ. ಐದಾರು ಸಲ ಹೀಗಾದ ಮೇಲೆ ಪಾಪಮ್ಮ ನಿಂತು ತಮ್ಮ ಪಾದ ನೋಡಿಕೊಂಡರು. ತಟ್ಟೆಯನ್ನು ಬೇಕೆಂದೇ ಬೆರಳ ಮೇಲೆ ತಂದರು. ಕೂಗಿದೆ. ದೂರ ಒಯ್ದರು. ಸುಮ್ಮನಾದೆ.

"ಕೊಡಿ ಅಕ್ಕ, ನಾನು ಹಿಡ್ಕೋತೀನಿ," ಎಂದ ಮುನಿಲಕ್ಷ್ಮಿ ತನ್ನ ಕಾಲು ನೋಡಿಕೊಂಡು ಅಲ್ಲೇ ನಿಂತಳು. ಅವಳ ಬೆರಳಲ್ಲೂ ಉಂಗುರ. "ತಾಳಿ ತಾನಾಗೇ ಹೋಯ್ತು. ಇದನ್ನ ನಾನೇ ಕೈಯಾರೆ ತೆಗೀಲಾ?"

ಪಾಪಮ್ಮ ಬದುವಿನ ಮೇಲೆ ಕೂತರು. ಊರಿನ ಕರೆಂಟು ಹೋದಾಗಲೆಲ್ಲ, ಗಂಡ ಎಲ್ಲೋ ಕಂಬದ ಮೇಲಿದ್ದಾರೆ ಎಂದು ತಿಳಿದು, ಈ ಉಂಗುರಗಳನ್ನು ಒತ್ತಿ ಹಿಡಿದುಕೊಂಡು ಕೂರುತ್ತಿದ್ದ ಹೆಂಗಸು ಅವರು. ಮೂವತ್ತು ವರ್ಷ ಅವು ಬೆರಳು ಬಿಟ್ಟಿರಲಿಲ್ಲ.

"ನೀನು ತೆಗೀಬೇಡ. ನಿಮ್ಮಣ್ಣ ಎಲ್ಲಾ ಕಂಬ ಇಳ್ದು ಬಂದಾಯ್ತು. ನಂದು ತೆಗೀತೀನಿ."

"ಬೇಡ ಅಕ್ಕ, ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ಸುಮ್ಕಿರು. ಇನ್ನೊಂದು ಮಾತಾಡಿದ್ರೆ ನಂಗೂ ಭಯ ಆಗ್ತದೆ."

ಬೆರಳು ಊದಿಕೊಂಡಿತ್ತು. ನೀರಿನ ಪೈಪಿನ ಹತ್ತಿರದ ಕೆಸರು ಸವರಿ ತಿರುಗಿಸಿ ತಿರುಗಿಸಿ ಎಳೆದರು. ಉಂಗುರಗಳನ್ನು ಸೆರಗಿನ ತುದಿಗೆ ಗಂಟು ಹಾಕಿ ಹೆಗಲಿಗೆ ಎಸೆದುಕೊಂಡರು. ಮತ್ತೆ ನನ್ನನ್ನು ಕೈಗೆತ್ತಿಕೊಂಡರು. ಮುನಿಲಕ್ಷ್ಮಿ ದೂರ ಸರಿದು ನಿಂತಳು.

ಈಗ ನನ್ನ ಬಾಯಿ ಪೂರ್ತಿ ಬಂದ್. ಒಂದು ಸಾಲು ಹೋಯಿತು, ಎರಡು ಹೋಯಿತು, ಹತ್ತು ಹೋಯಿತು. ಏಳನೇ ಸಾಲಿನಲ್ಲಿ ಹಸಿ ಮಣ್ಣಲ್ಲಿ ತುಳಿತಕ್ಕೆ ಸಿಕ್ಕಿ ಎರಡು ಬೆರಳಿನಷ್ಟು ಆಳಕ್ಕೆ ಇಳಿದಿದ್ದ ಏನೋ ನನ್ನನ್ನು ಮೆಲ್ಲಗೆ ಮುಟ್ಟಿತ್ತು. ಅದು ನನಗೆ ತಿಳಿಯಿತು, ಆದರೆ ಕೂಗಲು ಆಗಲಿಲ್ಲ. ಅಷ್ಟು ಭಯ ನನಗೆ ಮಂಟಪದ ಹತ್ತಿರ ಕೋಲುಗಳ ನಡುವೆಯೂ ಆಗಿರಲಿಲ್ಲ. ಬ್ಯಾಟರಿಯೂ ಇಳಿಯುತ್ತಿತ್ತು. ಗಂಟೆ ಒಂದಾಗಿತ್ತು.

ಮುನಿಲಕ್ಷ್ಮಿ ಸೋತು ಹತ್ತಿರ ಬಂದಳು. "ಆ ಬಿಳಿ ಪಟ್ಟಿ ಯಾಕಕ್ಕ?"

"ಕಬ್ಬಿಣಕ್ಕೆ ಕೂಗ್ಬಾರ್ದು ಅಂತ ಅವ್ರು ತಿರುಗಿಸಿ ಅಂಟಿಸವ್ರೆ."

ಮುನಿಲಕ್ಷ್ಮಿಯ ಕೈ ತಾನಾಗೇ ಕುತ್ತಿಗೆಗೆ ಹೋಯಿತು. ಸೀರೆಗೋ ರವಿಕೆಗೋ ಬೇಕಾಗುತ್ತದೆ ಎಂದು ಹೆಂಗಸರು ತಾಳಿಗೆ ಪಿನ್ನು ಸಿಗಿಸಿಕೊಂಡಿರುತ್ತಾರಲ್ಲ, ಆ ಜಾಗವನ್ನು ಅವಳ ಬೆರಳು ಹುಡುಕುತ್ತಿತ್ತು.

"ಅಕ್ಕ, ನನ್ನ ತಾಳೀಲಿ ನಾಕು ಪಿನ್ನು ಐತೆ."

ಪಾಪಮ್ಮ ಹಲ್ಲಿನಿಂದ ಪಟ್ಟಿ ಕಿತ್ತು ಗುಂಡಿಯನ್ನು ಎಡಕ್ಕೆ ತಿರುಗಿಸಿದರು. ನಡೆದ ಸಾಲುಗಳಲ್ಲೇ ಮತ್ತೆ ನಡೆದರು. ಏಳನೇ ಸಾಲಿಗೆ ಬಂದಾಗ ನನ್ನಲ್ಲಿ ಉಳಿದಿದ್ದ ಅಷ್ಟೂ ಶಕ್ತಿ ಸೇರಿಸಿ ಕೂಗಿದೆ. ಮಣ್ಣಿನೊಳಗಿಂದ ಮೊದಲು ಬಂದದ್ದು ತುಕ್ಕು ಹಿಡಿದ ಒಂದು ಪಿನ್ನು. ಅದಕ್ಕೆ ಇನ್ನೊಂದು ಸಿಕ್ಕಿಕೊಂಡಿತ್ತು. ಅದರ ಹಿಂದೆ ದಾರ, ದಾರದಲ್ಲಿ ಎರಡು ಪುಟ್ಟ ಚಿನ್ನದ ಬೊಟ್ಟು. ಮುನಿಲಕ್ಷ್ಮಿ ಅದನ್ನು ಕಣ್ಣಿಗೆ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಎರಡರ ಬಸ್ಸು ಅವಳಿಗೆ ಸಿಕ್ಕಿತು.

ಪಿಳ್ಳಪ್ಪನವರು ಬಂದಾಗ ಪಾಪಮ್ಮ ಇನ್ನೂ ಬೆರಳಿಗೆ ಎಣ್ಣೆ ಹಚ್ಚುತ್ತಿದ್ದರು. ಉಂಗುರ ಏರುತ್ತಿರಲಿಲ್ಲ. ನಡೆದದ್ದನ್ನೆಲ್ಲ ಹೇಳಿ, ಬೈಗುಳಕ್ಕೆ ಕಾದು ಕೂತರು. ಮೂಲೆಯಲ್ಲಿ ನಾನೂ ಕಾದೆ. ಅವರು ಬೈಯಲಿಲ್ಲ. ನೆಲದ ಮೇಲೆ ಕೂತು ಹೆಂಡತಿಯ ಪಾದವನ್ನು ತೊಡೆಯ ಮೇಲೆ ಇಟ್ಟುಕೊಂಡು, ನೋಯಿಸದ ಹಾಗೆ ಒಂದೊಂದನ್ನೇ ಏರಿಸಿದರು.

ಈಗ ನಾನು ಬಾಗಿಲ ಹಿಂದಿನ ಮೊಳೆಗೆ ನೇತುಬಿದ್ದಿದ್ದೇನೆ. ಬ್ಯಾಟರಿ ತೆಗೆದು ಗೋಡೆ ಗಡಿಯಾರಕ್ಕೆ ಹಾಕಲು ನೋಡಿದರು, ಅಳತೆ ಸರಿಹೋಗದೆ ಎಸೆದರು. ನನ್ನ ತಟ್ಟೆ ಬಿರುಕು ಬಿಟ್ಟಿದೆ. ಮೊನ್ನೆ ಸೊಣ್ಣಪ್ಪ ಬಂದಿದ್ದ, ಎದೆಯ ಮೇಲೆ ಉದ್ದದ ಹೊಲಿಗೆ ಗುರುತು. ನನ್ನನ್ನು ನೋಡಿ ಕೇಳಿದ.

"ಈ ಅಗ್ಗದ್ದು ಕಲಿಯೋರಿಗೆ ಆಗ್ತದಾ ಅಣ್ಣ? ನಾನೂ ಒಂದು ತರಿಸೋಣ ಅಂತ."

"ಚಿನ್ನ ಸಿಗ್ತದೆ ಅಂದ್ಕೊಂಡು ತರಿಸ್ಬೇಡಪ್ಪ. ಇದು ಮೊಳೆ ಹುಡುಕೋ ಮಾಲು," ಎಂದರು ಪಿಳ್ಳಪ್ಪನವರು.

ಅವನ ಹಿಂದೆ ಮುನಿಲಕ್ಷ್ಮಿ ನಿಂತಿದ್ದಳು. ತಾಳಿ ಕಳೆದದ್ದನ್ನು ಗಂಡನಿಗೆ ಅವಳು ಇವತ್ತಿಗೂ ಹೇಳಿಲ್ಲ. ಗಂಡಸರು ಮಾತಾಡುತ್ತಿದ್ದ ಹಾಗೇ ಬಾಗಿಲ ಹಿಂದಕ್ಕೆ ಸರಿದು, ನನ್ನ ತಟ್ಟೆಗೆ ಎದೆ ತಾಗುವಷ್ಟು ಹತ್ತಿರ ನಿಂತಳು. ಅವಳ ತಾಳಿಯಲ್ಲಿ ಈಗ ಒಂಬತ್ತು ಪಿನ್ನುಗಳಿವೆ. ಕೂಗಿಬಿಟ್ಟರೆ ಗುಟ್ಟು ರಟ್ಟಾಗುತ್ತದಲ್ಲ ಎಂದು ಉಸಿರು ಬಿಗಿ ಹಿಡಿದೆ. ಬ್ಯಾಟರಿ ಇಲ್ಲ ಎಂಬುದು ಅವಳು ಹೊರಟುಹೋದ ಮೇಲೆ ನೆನಪಾಯಿತು.